ಶೇಂಗಾ ಹಿಂಡಿಗೆ ತಂದ ವ್ಯಾಕ್ಯೂಮ್ ಪ್ಯಾಕಿಂಗ್ ಮಷಿನ್ ಹೇಗಿದೆ?

ಅವ್ವ ಮಾಡುವ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಮಾರೋಣ ಅಂತ ಗಂಗಾವತಿಯ ಒಂದು ಅಂಗಡಿಯಿಂದ ಚಿಕ್ಕ ಮಷಿನ್ ತಂದು ಆರು ತಿಂಗಳಾಯಿತು. ಶೇಂಗಾದ ಎಣ್ಣೆಗೆ ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ ಅಲ್ವಾ, ಗಾಳಿ ತೆಗೆದು ಪ್ಯಾಕ್ ಮಾಡಿದರೆ ಆ ಕಾಟ ತುಂಬಾ ಕಡಿಮೆ. ಆ ಕೆಲಸ ಇದು ಚೆನ್ನಾಗಿ ಮಾಡುತ್ತದೆ. ಆದರೆ ಗಾಳಿ ಎಳೆಯುವಾಗ ಹಿಂಡಿಯ ಪುಡಿಯೂ ಮೇಲೆದ್ದು ಸೀಲ್ ಬೀಳುವ ಜಾಗದಲ್ಲಿ ಕೂರುತ್ತದೆ, ಸೀಲ್ ಹಿಡಿಯುವುದಿಲ್ಲ. ಪುಡಿಯ ಮೇಲೆ ಟಿಶ್ಯೂ ಪೇಪರ್ ಇಟ್ಟ ಮೇಲೆ ಸರಿಯಾಯಿತು. ಒಳಗೆ ಗೆರೆಗಳಿರುವ ಚೀಲವೇ ಬೇಕು, ನುಣುಪು ಚೀಲದಲ್ಲಿ ಗಾಳಿ ಹೊರಗೆ ಬರುವುದಿಲ್ಲ.

ಬೇಜಾರಾಗಿದ್ದು ಬೇರೆ ವಿಷಯಕ್ಕೆ. "ಪೇಟೆಂಟ್ ಇರೋ ಮಷಿನ್ ಸರ್" ಅಂತ ಹೇಳಿ ಅಂಗಡಿಯವರು ಎರಡು ಸಾವಿರ ಜಾಸ್ತಿ ತೆಗೆದುಕೊಂಡರು. ಮನೆಗೆ ಬಂದು ಸ್ಟಿಕ್ಕರ್ ನೋಡಿದರೆ ಬರೀ ಅರ್ಜಿ ಹಾಕಿದ್ದಾರೆ ಅಂತ ಇದೆ! ಅರ್ಜಿ ಹಾಕುವುದೇ ಬೇರೆ, ಪೇಟೆಂಟ್ ಸಿಗುವುದೇ ಬೇರೆ. ಸಿಕ್ಕರೂ ಅದು ಅರ್ಜಿ ಹಾಕಿದ ದಿನದಿಂದ 20 ವರ್ಷ ಮಾತ್ರ, ಮತ್ತು ಅದು ಹೊಸ ಉಪಾಯಕ್ಕೆ ಸಿಗುವ ಹಕ್ಕು, ಮಷಿನ್ ಬಾಳಿಕೆ ಬರುತ್ತದೆ ಅನ್ನುವ ಗ್ಯಾರಂಟಿ ಅಲ್ಲ. ನಂಬರ್ ಕೇಳಿ, ಪೇಟೆಂಟ್ ಕಚೇರಿಯ ವೆಬ್‌ಸೈಟ್‌ನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಜೊತೆಗೆ ಸೀಲ್ ಪಟ್ಟಿಯ ಮೇಲಿನ ಟೆಫ್ಲಾನ್ ಟೇಪ್ ಎರಡು ಹೆಚ್ಚಿಗೆ ತಂದಿಟ್ಟುಕೊಳ್ಳಿ, ನನ್ನದು ಮೂರೇ ತಿಂಗಳಿಗೆ ಸುಟ್ಟಿತು.