ಕುವೆಂಪುನಗರದ ಇಂಗ್ಲಿಷ್ ಬರವಣಿಗೆ ತರಗತಿ: ಪಾಠ ಚೆನ್ನ, ಅಂಕ ಹಾಕುವ ರೀತಿ ಸರಿಯಿಲ್ಲ

ಎಂಟರಿಂದ ಹತ್ತನೇ ತರಗತಿ ಮಕ್ಕಳಿಗೆ ಮೈಸೂರಿನ ಕುವೆಂಪುನಗರದಲ್ಲಿ ಶನಿವಾರ ಮಧ್ಯಾಹ್ನ ನಡೆಯುವ ಒಂದೂವರೆ ಗಂಟೆಯ ತರಗತಿ ಇದು. ಕಥೆ ಬರೆಸುತ್ತಲೇ ಇಂಗ್ಲಿಷನ್ನೂ ವಿಮರ್ಶಿಸಿ ಯೋಚಿಸುವುದನ್ನೂ ಕಲಿಸುತ್ತೇವೆ ಅನ್ನುತ್ತಾರೆ.

‘ನಾನು ಹಕ್ಕಿಯಾಗಿದ್ದರೆ’ ಥರದ ಸವಕಲು ವಿಷಯ ಇಲ್ಲಿಲ್ಲ. ದೊಡ್ಡ ಸಮಾಧಾನ. ಹಕ್ಕಿಯಾದವನು ಏನು ಬರೆದರೂ ನಡೆಯುತ್ತದೆ, ಸರಿ-ತಪ್ಪು ತೂಗುವ ಪ್ರಮೇಯವೇ ಬರುವುದಿಲ್ಲ. ಇಲ್ಲಿ ಮಕ್ಕಳ ಕೈಗೆ ಸಂಗತಿಗಳ ಚೀಟಿ ಕೊಡುತ್ತಾರೆ. ಒಂದು ಪಾಠದ ಚೀಟಿ ಹೀಗಿದೆ: ಕೆಆರ್‌ಎಸ್ ಅಣೆಕಟ್ಟೆಯ ಪೂರ್ಣ ಮಟ್ಟ 124.80 ಅಡಿ, ಇವತ್ತು 90 ಅಡಿ ಎಂದುಕೊಳ್ಳಿ, ಅಲ್ಲಿಂದ ಮಂಡ್ಯದ ಹೊಲಗಳಿಗೆ ಹೋಗುವ ವಿ.ಸಿ. ನಾಲೆಗೆ ನೀರು ಬಿಡುವುದು ನಿಂತಿದೆ, ಕಬ್ಬು ಒಣಗುತ್ತಿದೆ, ಬೆಂಗಳೂರಿಗೆ ಕುಡಿಯುವ ನೀರು ಬೇಕು. ಮಂಡ್ಯದ ರೈತ, ಅಣೆಕಟ್ಟೆಯ ಎಂಜಿನಿಯರ್, ಬೆಂಗಳೂರಿನ ಗೃಹಿಣಿ, ಇವರಲ್ಲಿ ಇಬ್ಬರ ಬಾಯಿಂದ ತಲಾ 120 ಪದಗಳಲ್ಲಿ ಇದನ್ನು ಹೇಳಿಸಬೇಕು. ಅಂಕಿ ತಿರುಚುವಂತಿಲ್ಲ. ಯಾವುದನ್ನು ಮೊದಲು ಹೇಳುವುದು, ಯಾವುದನ್ನು ಬಿಡುವುದು ಅನ್ನುವುದಷ್ಟೇ ಬರೆಯುವವರ ಕೈಯಲ್ಲಿ.

ಮೊದಲ ಕರಡಿನಲ್ಲಿ ರೈತನೂ ‘ವೆರಿ ಸ್ಯಾಡ್’, ಎಂಜಿನಿಯರೂ ‘ವೆರಿ ಸ್ಯಾಡ್’. ಯಾರಿಗೆ ಏನು ಗೊತ್ತಿಲ್ಲ ಎಂದು ಮಕ್ಕಳು ಕೇಳಿಕೊಂಡಿರುವುದಿಲ್ಲ, ಅದಕ್ಕೇ ಹೀಗಾಗುತ್ತದೆ. ಆದ್ದರಿಂದ ಬರೆಯುವ ಮುಂಚೆ ಹತ್ತು ನಿಮಿಷ ‘ಗೊತ್ತಿರುವುದು’, ‘ಗೊತ್ತಿಲ್ಲದ್ದು’ ಅಂತ ಎರಡು ಕಾಲಂ ತುಂಬಿಸುತ್ತಾರೆ, ಅದೂ ಕನ್ನಡದಲ್ಲೇ. ಇದು ಸರಿಯಾದ ಕ್ರಮ. ಇಲ್ಲದಿದ್ದರೆ ಬರುವ ನಾಲ್ಕು ಇಂಗ್ಲಿಷ್ ಪದಗಳಿಗೆ ಹೊಂದುವಷ್ಟೇ ಯೋಚನೆ ಹೊರಬರುತ್ತದೆ.

ಆಮೇಲೆ ಹಾಳೆ ಅದಲುಬದಲು. ಪಕ್ಕದವರು ಮೂರು ವಾಕ್ಯಕ್ಕೆ ಗೆರೆ ಎಳೆದು ‘ಹೌ ಡು ಯು ನೋ?’ ಎಂದು ಬರೆಯಬೇಕು. ‘ದಿ ಎಂಜಿನಿಯರ್ ಡಸ್ ನಾಟ್ ಕೇರ್’ ಎಂದು ರೈತನಿಂದ ಹೇಳಿಸಿದವರಿಗೆ ಇಲ್ಲಿ ಬಿಸಿ ಮುಟ್ಟುತ್ತದೆ: ರೈತ ಕಂಡದ್ದು ಒಣ ನಾಲೆಯನ್ನು, ಎಂಜಿನಿಯರ್ ಮನಸ್ಸನ್ನಲ್ಲ. ಆಗ ‘ಇರಬಹುದು’ ಅನ್ನುವ ‘ಮೇ’ ಬರುತ್ತದೆ, ‘ಬಿಕಾಸ್’ ಬರುತ್ತದೆ. ಇಡೀ ತರಗತಿಯ ಜೀವ ಇದೇ ಹಂತ. ಇದಕ್ಕೆ ಕನಿಷ್ಠ ಹದಿನೈದು ನಿಮಿಷ ಬೇಕು. ಇಪ್ಪತ್ತು ಮಕ್ಕಳಿಗೆ ಒಬ್ಬರೇ ಮೇಡಂ ಆದ್ದರಿಂದ ಐದು ನಿಮಿಷಕ್ಕೇ ಮುಗಿಸಿಬಿಡುತ್ತಾರೆ.

ಅಂಕದ ವಿಷಯ ಇನ್ನೂ ಕೆಟ್ಟದು. 20ರಲ್ಲಿ 12 ವ್ಯಾಕರಣ-ಕಾಗುಣಿತಕ್ಕೆ, ಕಾರಣ ಕೊಟ್ಟದ್ದಕ್ಕೆ ಬರೀ 3. ಮೊದಲ ಕರಡಿಗೇ ಕೆಂಪು ಶಾಯಿ ಬಿದ್ದರೆ ಮಕ್ಕಳು ತಪ್ಪಾಗದ ಪುಟ್ಟ ಪುಟ್ಟ ವಾಕ್ಯಕ್ಕೆ ಇಳಿಯುತ್ತಾರೆ, ‘ಆಲ್‌ದೋ’ ಅಂತ ಶುರುಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ. ಎರಡನೇ ಕರಡಿನಲ್ಲಿ ಕಾಲರೂಪ, ಜೋಡಣೆ ಪದ ಇವೆರಡನ್ನೇ ತಿದ್ದಿದರೆ ಸಾಕು. ತಿದ್ದಿ ಬರೆಯುವುದನ್ನು ಮನೆಗೆ ಕೊಡುವುದೂ ಬೇಡ, ಮೊಬೈಲ್ ಬರೆದುಕೊಡುತ್ತದೆ.

ಎಸ್ಸೆಸ್ಸೆಲ್ಸಿಯ ‘ಸುಳಿವಿನಿಂದ ಕಥೆ ಬೆಳೆಸಿ’ ಪ್ರಶ್ನೆಗೆ ಮಾತ್ರ ತಯಾರಿ ಬೇಕಿದ್ದವರಿಗೆ ಹಳೆಯ ಪ್ರಶ್ನೆಪತ್ರಿಕೆ ಸಾಕು. ಉಳಿದವರು ಡೆಮೊಗೆ ಹೋದಾಗ ಒಂದೇ ಮಗುವಿನ ಎರಡೂ ಕರಡು ತೋರಿಸಿ ಎಂದು ಕೇಳಿ. ಸ್ಪೆಲಿಂಗ್ ಮಾತ್ರ ಬದಲಾಗಿದ್ದರೆ ಫೀಸು ಕಟ್ಟುವ ಮುಂಚೆ ಮೇಡಂ ಹತ್ತಿರ ಅಂಕದ ಲೆಕ್ಕ ಮಾತಾಡಿ.