ಐ7 ಎಂಬ ಹೆಸರನ್ನಷ್ಟೇ ನಂಬಿ ಕೊಂಡ ಕಂಪ್ಯೂಟರ್

ತುಮಕೂರಿನ ಎಸ್.ಎಸ್. ಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಹೆಚ್ಚಿನದು ಲಗ್ನಪತ್ರಿಕೆ, ಒಮ್ಮೊಮ್ಮೆ ಸ್ಮರಣ ಸಂಚಿಕೆಯ ಪುಟವಿನ್ಯಾಸ. ಹಳೆಯ ಕಂಪ್ಯೂಟರ್ ಕೈಕೊಟ್ಟಾಗ, ಕಂಪನಿಯಿಂದ ಸಿದ್ಧವಾಗಿ ಬರುವುದನ್ನು ಕೊಳ್ಳುವುದೋ, ಬಿಡಿಭಾಗ ತಂದು ಅಸೆಂಬಲ್ ಮಾಡಿಸುವುದೋ ಎಂದು ಒಂದು ತಿಂಗಳು ಲೆಕ್ಕ ಹಾಕಿದೆ. ಕಂಪನಿಯದಕ್ಕೆ 56,000 ರೂಪಾಯಿ ಹೇಳಿದರು, ರ‍್ಯಾಮ್ 8 ಜಿಬಿ ಮಾತ್ರ. ಅಷ್ಟರಲ್ಲಿ ನಗರದ ಅಂಗಡಿಯೊಂದರಲ್ಲಿ, ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇರುವ ಹೊಸ ಸೆಟ್ಟನ್ನು ಮಾನಿಟರ್ ಸಮೇತ 34,000 ರೂಪಾಯಿಗೆ ಕೊಡುವುದಾಗಿ ಹೇಳಿದರು. ತಿಂಗಳಿಡೀ ಹಾಕಿದ ಲೆಕ್ಕವನ್ನು ನಾನು ಆ ಒಂದು ಮಾತಿಗೆ ಬಿಟ್ಟುಕೊಟ್ಟೆ.

“ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತೆ ಸಾರ್, ಏನಾದ್ರೂ ಆದ್ರೆ ನಾವಿಲ್ವಾ?” ಎಂದರು. ಆರು ಸಾವಿರ ಉಳಿಯಿತೆಂದು ಹಿಗ್ಗಿ ನಗದು ಎಣಿಸಿಕೊಟ್ಟೆ. ‘ಕಂಪ್ಯೂಟರ್ ಸೆಟ್ – 1’ ಎಂದಷ್ಟೇ ಬರೆದ, ಅಂಗಡಿಯ ಹೆಸರೂ ಇಲ್ಲದ ಚೀಟಿಯೊಂದು ಕೈಗೆ ಬಂತು. ಈ ತಪ್ಪು ಅವರದಲ್ಲ, ನನ್ನದೇ.

ನಾಲ್ಕು ತಿಂಗಳು ಹೇಗೋ ನಡೆಯಿತು. ಮೇ ತಿಂಗಳ ಲಗ್ನದ ಸುಗ್ಗಿಯಲ್ಲಿ, ಗುಡುಗು ಮಳೆಗೆ ಕರೆಂಟ್ ಹೋಗಿ ಬಂದು ಆಡುತ್ತಿದ್ದ ಒಂದು ರಾತ್ರಿ, ಕ್ಯಾಬಿನೆಟ್ಟಿನ ಹಿಂದೆ ‘ಟಪ್’ ಎಂದು ಸದ್ದಾಗಿ ಸುಟ್ಟ ವಾಸನೆ ಹರಡಿತು. ಗುಬ್ಬಿಯ ಮನೆಯವರಿಗೆ ಬೆಳಗ್ಗೆ ಮುದ್ರಣಕ್ಕೆ ಹೋಗಬೇಕಿದ್ದ ಪತ್ರಿಕೆ ಅದರೊಳಗಿತ್ತು. ಅವರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದ ಪ್ರೂಫ್ ನೋಡಿಕೊಂಡು, ಗೆಳೆಯನ ಪ್ರೆಸ್ಸಿನಲ್ಲಿ ಕುಳಿತು, ಬೆಳಗಾಗುವುದರೊಳಗೆ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ.

ಅಂಗಡಿಯವರು ‘ಕರೆಂಟಿನಿಂದ ಸುಟ್ಟರೆ ವಾರಂಟಿ ಬರುವುದಿಲ್ಲ’ ಎಂದರು. ಬೇರೊಬ್ಬ ರಿಪೇರಿಯವರು ಪೆಟ್ಟಿಗೆ ಬಿಚ್ಚಿದಾಗಲೇ ನನಗೆ ವಿಷಯ ತಿಳಿದದ್ದು. ಇಂಟೆಲ್ ಕಂಪನಿಯ ಪ್ರೊಸೆಸರುಗಳಿಗೆ ಐ7 ಎಂಬ ಹೆಸರು 2008ರಿಂದಲೂ ಇದೆ. ಅದರ ಮುಂದಿನ ಸಂಖ್ಯೆಯೇ ತಲೆಮಾರನ್ನು ಹೇಳುತ್ತದೆ. ನನ್ನದು ಐ7-3770, ಅಂದರೆ 2012ರಲ್ಲಿ ಬಿಡುಗಡೆಯಾದ ಮೂರನೆಯ ತಲೆಮಾರಿನದು. ಯಾವುದೋ ಕಚೇರಿಯಿಂದ ಕಳಚಿ ತಂದ ಆ ಪ್ರೊಸೆಸರನ್ನು ಹೆಸರಿಲ್ಲದ ಕಂಪನಿಯ, ಎಚ್61 ಎಂಬ ಹಳೆಯ ಮಾದರಿಯ ಮದರ್‌ಬೋರ್ಡಿಗೆ ಕೂರಿಸಿ, ಹಳೆಯ ಡಿಡಿಆರ್3 ರ‍್ಯಾಮ್ ಹಾಕಿ, ಬಣ್ಣದ ದೀಪಗಳ ಹೊಸ ಕ್ಯಾಬಿನೆಟ್ಟಿನಲ್ಲಿಟ್ಟಿದ್ದರು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಅವರು ಹಾಕಿಕೊಟ್ಟಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒತ್ತಿದ್ದರೆ ಪ್ರೊಸೆಸರಿನ ಪೂರ್ತಿ ಹೆಸರು ಮೊದಲ ದಿನವೇ ಪರದೆಯ ಮೇಲೆ ಕಾಣುತ್ತಿತ್ತು. ನಾನು ನೋಡಲಿಲ್ಲ.

ಹಾರ್ಡ್ ಡಿಸ್ಕ್ ಮಾತ್ರ ಪುಣ್ಯಕ್ಕೆ ಉಳಿದಿತ್ತು. ಅದನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದಾಗ, ಅದು ಓಡಿದ ಅವಧಿ 31,000 ಗಂಟೆ ದಾಟಿತ್ತು. ನಾಲ್ಕು ತಿಂಗಳು ಹಗಲೂ ರಾತ್ರಿ ಒಮ್ಮೆಯೂ ಆರಿಸದೆ ಓಡಿಸಿದರೂ ಮೂರು ಸಾವಿರ ಗಂಟೆ ಆಗುವುದಿಲ್ಲ.

ಇಷ್ಟಕ್ಕೆಲ್ಲ ಮೂಲ ಎಸ್‌ಎಂಪಿಎಸ್, ಅಂದರೆ ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿಕೊಡುವ ಪೆಟ್ಟಿಗೆ. ಮೇಲೆ 450 ವ್ಯಾಟ್ ಎಂಬ ಸ್ಟಿಕ್ಕರ್ ಇತ್ತು, ಎತ್ತಿದರೆ ಖಾಲಿ ಡಬ್ಬದಷ್ಟು ಹಗುರ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜ್ ಏರಿದರೆ ತಾನೇ ಕಡಿದುಕೊಳ್ಳುವ ವ್ಯವಸ್ಥೆ ಇರುತ್ತದೆ. ಕಳಪೆಯದು ಸಾಯುವಾಗ ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಕೊಳ್ಳುವಾಗ ಯಾರೂ ಇದನ್ನು ಕೇಳುವುದಿಲ್ಲವಾದ್ದರಿಂದ ಹಣ ಉಳಿಸುವವರು ಮೊದಲು ಕೈ ಹಾಕುವುದು ಇದಕ್ಕೇ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಆದರೆ ಅಂಗಡಿಯವರು ‘ನಾವು ಇವರಿಗೆ ಮಾರಿಯೇ ಇಲ್ಲ’ ಎಂದುಬಿಟ್ಟರು, ಮತ್ತು ನನ್ನ ಬಳಿ ಇದ್ದದ್ದು ಆ ಚೀಟಿ ಮಾತ್ರ. ಫೋನಿನಲ್ಲಿ ಹಣ ಕಳುಹಿಸಿದ್ದರೆ ಆ ದಾಖಲೆಯಾದರೂ ಇರುತ್ತಿತ್ತು.

ಎರಡನೆಯ ಸಲವೂ ಅಸೆಂಬಲ್ ಮಾಡಿಸಿದ್ದನ್ನೇ ಆರಿಸಿಕೊಂಡೆ. ಕಂಪನಿಯದು ಕೊಂಡರೆ ಒಂದೇ ವಾರಂಟಿ, ಒಂದೇ ಕಡೆ ಕೇಳಿದರಾಯಿತು. ಇದರ ಬಗ್ಗೆ ಓಡಾಡಲು ಪುರುಸೊತ್ತಿಲ್ಲದವರಿಗೆ ಅದೇ ಸರಿ. ಆದರೆ ಅವುಗಳಲ್ಲಿ ಕೆಲವಕ್ಕೆ ಎಸ್‌ಎಂಪಿಎಸ್ ಮತ್ತು ಬೋರ್ಡಿನ ಆಕಾರವೇ ಬೇರೆ, ವಾರಂಟಿ ಮುಗಿದ ಮೇಲೆ ಪೇಟೆಯ ಬಿಡಿಭಾಗ ಹೊಂದುವುದಿಲ್ಲ. ಹಾಗಾಗಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಕಂಪ್ಯೂಟರ್ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಐ3-12100 ಪ್ರೊಸೆಸರನ್ನು ಸೀಲು ಒಡೆಯದ ಡಬ್ಬದಲ್ಲೇ ತೆಗೆದುಕೊಂಡೆ. ಹೆಸರಿನ ಕೊನೆಗೆ ‘ಎಫ್’ ಇರುವುದನ್ನು ತಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಮೂಡುವುದಿಲ್ಲ, ಅದನ್ನೂ ನೋಡಿಕೊಂಡೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ವಿದ್ಯುತ್ ಪೋಲು ಕಡಿಮೆ ಎಂದು ಪರೀಕ್ಷಿಸಿ ಕೊಡುವ ‘80 ಪ್ಲಸ್’ ಗುರುತಿನ ಎಸ್‌ಎಂಪಿಎಸ್ ಹೀಗೆ ಪ್ರತಿಯೊಂದರ ಮಾದರಿ ಮತ್ತು ಸೀರಿಯಲ್ ಸಂಖ್ಯೆಯನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿ, ಅಲ್ಲಿಯೇ ಡಬ್ಬದ ಮೇಲಿನದಕ್ಕೆ ಹೋಲಿಸಿ ನೋಡಿದೆ. ಅಂಗಡಿಯ ಹುಡುಗ ಬೇಸರಪಟ್ಟ, ಪಡಲಿ. ಹೆಸರಿಗೆ ಐ3 ಆದರೂ ಇದು ಆ ಐ7ಗಿಂತ ಬಹಳ ಚುರುಕು.

ಮೊದಲ ಸೆಟ್ಟಿನ ಮಾನಿಟರನ್ನೇ ಇನ್ನೂ ಬಳಸುತ್ತಿದ್ದೇನೆ. ಮೊನ್ನೆ ಧೂಳು ಒರೆಸುವಾಗ ಅದರ ಬೆನ್ನಿನ ಚೀಟಿ ಓದಿದೆ, ತಯಾರಾದ ವರ್ಷ 2014 ಎಂದಿತ್ತು.