ಬಳ್ಳಾರಿಯಲ್ಲಿ ಎಲ್ಲಿ ಉಳಿಯೋದು: ಊರಾಚೆಯ ಸ್ಟಾರ್ ಹೋಟೆಲಾ, ಊರೊಳಗಿನ ಹಳೇ ಲಾಡ್ಜಾ?

ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಮಷಿನ್ ಸ್ಪೇರ್ ಪಾರ್ಟ್ಸ್ ಕೊಡುವುದು ನನ್ನ ಕೆಲಸ. ಹಾಗಾಗಿ ಬಳ್ಳಾರಿಗೆ ಆಗಾಗ ಬರಬೇಕಾಗುತ್ತದೆ. ಕಂಪನಿ ದುಡ್ಡು ಕೊಟ್ಟರೆ ಊರಾಚೆಯ ಸ್ಟಾರ್ ಹೋಟೆಲ್. ಕೈಯಿಂದ ಹಾಕುವುದಾದರೆ ರಾಯಲ್ ಸರ್ಕಲ್ ಕಡೆಯ ಹಳೇ ಲಾಡ್ಜ್, ಅದರಲ್ಲೂ ಎಸಿ ರೂಮು. ಹೆಸರು ಬೇಡ ಬಿಡಿ. ಇಂಥ ಜೋಡಿ ರಾಯಚೂರು, ಕೊಪ್ಪಳದಲ್ಲೂ ಸಿಗುತ್ತದೆ.

ಸ್ಟಾರ್ ಹೋಟೆಲಿನಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಆದರೆ ಸಣ್ಣಪುಟ್ಟದ್ದಕ್ಕೂ ಇನ್ನೊಬ್ಬರನ್ನು ಕೇಳಬೇಕು. ಲಾಡ್ಜಿನಲ್ಲಿ ಯಾರನ್ನೂ ಕೇಳಬೇಕಿಲ್ಲ, ನಿದ್ದೆ ಮಾತ್ರ ನಿಮ್ಮ ಅದೃಷ್ಟ. ಎಂಟು ಗಂಟೆ ಮಲಗಿ ಏಳಬೇಕು ಅನ್ನುವವರು ಮೊದಲನೆಯದಕ್ಕೇ ಹೋಗಿ. ನನ್ನ ಓಟು ವರ್ಷದಲ್ಲಿ ಮುಕ್ಕಾಲು ಪಾಲು ಲಾಡ್ಜಿಗೆ.

ಮೊದಲು ಬಿಸಿಲಿನ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಲಾಡ್ಜಿನ ಮೇಲಿನ ಮಹಡಿ ಕೊಟ್ಟರೆ ಬೇಡ ಅನ್ನಿ. ಹಗಲೆಲ್ಲ ಕಾದ ಸ್ಲ್ಯಾಬು ಮಧ್ಯರಾತ್ರಿವರೆಗೂ ಝಳ ಬಿಡುತ್ತಲೇ ಇರುತ್ತದೆ, ಎಸಿ ಸುಮ್ನೆ ಸದ್ದು ಮಾಡುತ್ತದೆ. ಕೆಳಗಿನ ಮಹಡಿಯಾದರೆ ತೊಂದರೆಯಿಲ್ಲ. ರಿಮೋಟ್ ನಿಮ್ಮ ಕೈಯಲ್ಲಿ, ತಲೆ ಮೇಲೆ ಫ್ಯಾನ್. 2020ರಿಂದ ಮಾರುವ ರೂಮ್ ಎಸಿಗಳು ಆನ್ ಮಾಡಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕು ಎಂದು ಸರ್ಕಾರವೇ ನಿಯಮ ಮಾಡಿದೆ. ಆ 24ರ ಜೊತೆಗೆ ಫ್ಯಾನನ್ನು ಎರಡಕ್ಕೆ ಇಟ್ಟರೆ ನನಗಂತೂ ಹೊದಿಕೆ ಬೇಕಾಗುತ್ತದೆ.

ಸ್ಟಾರ್ ಹೋಟೆಲಿನಲ್ಲಿ ಫ್ಯಾನೇ ಇಲ್ಲ! ಕಿಟಕಿಯೂ ತೆರೆಯುವುದಿಲ್ಲ. ಇರುವುದು ಸೆಂಟ್ರಲ್ ಎಸಿ. ಇಡೀ ಕಟ್ಟಡಕ್ಕೆ ತಣ್ಣೀರು ಮಾಡುವ ಯಂತ್ರ ಒಂದು ಕಡೆ ಇರುತ್ತದೆ, ಆ ನೀರು ಪ್ರತಿ ರೂಮಿನ ಸೀಲಿಂಗಿಗೂ ಬರುತ್ತದೆ. ಗೋಡೆಯ ಮೇಲಿನ ಬಟನ್ ಒತ್ತಿ ನೀವು 18ಕ್ಕೆ ಇಳಿಸಿದರೂ, ಬರುವ ನೀರೇ ಅಷ್ಟು ತಣ್ಣಗಿಲ್ಲದಿದ್ದರೆ ರೂಮು ತಣ್ಣಗಾಗುವುದಿಲ್ಲ. ಫೋನ್ ಮಾಡಿದೆ. "ಸರ್, ಮೇಂಟೆನೆನ್ಸ್‌ನವರನ್ನ ಕಳಿಸ್ತೀವಿ" ಅಂದರು. ಬಂದವನು ಅದೇ ಬಟನ್ ಒತ್ತಿ ಹೋದ. ಆದರೂ ನ್ಯಾಯವಾಗಿ ಹೇಳಬೇಕು, ಬಿರುಬೇಸಿಗೆ ಬಿಟ್ಟರೆ ಅಲ್ಲಿನ ತಂಪು ಸಮನಾಗಿರುತ್ತದೆ, ಹಾಸಿಗೆ ಮೆತ್ತಗಿರುತ್ತದೆ, ಪರದೆ ಎಳೆದರೆ ಹಗಲಲ್ಲೂ ಕತ್ತಲೆ. ಕರೆಂಟು ಹೋದರೆ ಲೈಟು ಒಮ್ಮೆ ಮಿಟುಕಿಸಿ ಜನರೇಟರ್‌ಗೆ ಬದಲಾಗುತ್ತದೆ. ಲಾಡ್ಜಿನಲ್ಲಿ ಜನರೇಟರ್ ಹಾಕಿದರೂ ಲೈಟು, ಫ್ಯಾನಿಗೆ ಮಾತ್ರ. ಎಸಿಗೆ ಇಲ್ಲ.

ಸ್ಟಾರ್ ಹೋಟೆಲಿನಲ್ಲಿ ಬಾಗಿಲ ಪಕ್ಕ ಸಿಕ್ಕಿಸುವ ಕೀ ಕಾರ್ಡು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸುವ ವಸ್ತು. ಅದನ್ನು ಕಿತ್ತರೆ ರೂಮಿನ ಕರೆಂಟೇ ಬಂದ್. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಫೋನ್ ಚಾರ್ಜ್ ಆಗಿರುವುದಿಲ್ಲ, ರೂಮು ಮತ್ತೆ ಕಾದಿರುತ್ತದೆ. ಕರೆಂಟ್ ಉಳಿಸಲಿ, ಬೇಡ ಅನ್ನುವುದಿಲ್ಲ. ಒಂದು ಪ್ಲಗ್ಗನ್ನಾದರೂ ಬಿಡಬಹುದಿತ್ತು ಅಲ್ವಾ? ಕೆಲವು ಕಡೆ ಫ್ರಿಜ್ ಹಿಂದಿನ ಪ್ಲಗ್ ಆಫ್ ಆಗುವುದಿಲ್ಲ. ಅದನ್ನೇ ಹುಡುಕಿ.

ಇನ್ನು ನೀರು. ಇಲ್ಲಿ ಲಾಡ್ಜುಗಳಲ್ಲಿ ಬೋರ್‌ವೆಲ್ ನೀರೇ ಹೆಚ್ಚು. ಅದರಲ್ಲಿ ಸುಣ್ಣದಂಶ ಜಾಸ್ತಿ, ಸೋಪು ನೊರೆ ಬರುವುದಿಲ್ಲ, ಶವರಿನ ತೂತುಗಳಲ್ಲಿ ಬಿಳಿ ಪೊರೆ ಕಟ್ಟಿ ನೀರು ಗೋಡೆಗೆ ಚಿಮ್ಮುತ್ತದೆ. ಬೇಸಿಗೆಯ ಮಧ್ಯಾಹ್ನ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾಕ್ಕೆ ಇಟ್ಟಂತೆ ಬಿಸಿ ನೀರು, ಟ್ಯಾಂಕು ತಾರಸಿ ಮೇಲಿದೆಯಲ್ಲ! ನಿಜವಾದ ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತು. ಆದರೆ ಬಕೆಟ್ಟಿದೆ, ಮಗ್ಗಿದೆ. ಸ್ಟಾರ್ ಹೋಟೆಲಿನಲ್ಲಿ ನೀರು ಮೆದು ಮಾಡುವ ಪ್ಲಾಂಟ್ ಇದೆ, ಯಾವಾಗ ಬೇಕಾದರೂ ಬಿಸಿನೀರು. ಬಕೆಟ್ ಮಾತ್ರ ಇಲ್ಲ. ಅಮ್ಮನನ್ನು ಹಂಪಿ ತೋರಿಸಲು ಕರೆದುಕೊಂಡು ಬಂದಾಗ ಅಲ್ಲೇ ಉಳಿದೆವು. ಅವರು ಮೊದಲು ಕೇಳಿದ್ದೇ "ಚೊಂಬು ಎಲ್ಲಿದೆಯೋ?" ಎಂದು. ಆಮೇಲೆ ನೋಡಿದರೆ ಬಾತ್‌ರೂಮಿನ ಗೋಡೆ ಗಾಜಿನದು. ಒಳಗಿನ ಪರದೆಯ ಸ್ವಿಚ್ ಹುಡುಕುವಷ್ಟರಲ್ಲಿ ನಾನು ಕಾರಿಡಾರಿಗೆ ಹೋಗಿ ನಿಂತಿದ್ದೆ. ಹಿರಿಯರ ಜೊತೆ ಬರುವವರು ಬುಕ್ ಮಾಡುವಾಗಲೇ ಬಕೆಟ್, ಮಗ್ಗು, ಗಾಜಿನ ಗೋಡೆ ಮೂರನ್ನೂ ಕೇಳಿಬಿಡಿ.

ಸದ್ದಿನ ವಿಷಯದಲ್ಲಿ ಲಾಡ್ಜು ಸೋಲುತ್ತದೆ, ವಾದವೇ ಇಲ್ಲ. ಆಟೋ ಹಾರ್ನು, ಪಕ್ಕದ ರೂಮಿನ ಟೀವಿ, ಬೆಳಗ್ಗೆ "ಸಾರ್, ಕಾಫಿ ಬೇಕೇನ್ರಿ?" ಎಂದು ಬಾಗಿಲು ಬಡಿಯುವ ಹುಡುಗ. ಸ್ಟಾರ್ ಹೋಟೆಲು ಶಾಂತ, ಮದುವೆ ಇಲ್ಲದ ದಿನ. ಕೆಳಗಿನ ಹಾಲ್‌ನಲ್ಲಿ ರಿಸೆಪ್ಷನ್ ಇದ್ದರೆ ಡಿಜೆ ಸದ್ದು ಮಂಚದ ಕಾಲಿನವರೆಗೂ ಬರುತ್ತದೆ. ಹಾಲ್‌ಗೆ ಬೆನ್ನು ಮಾಡಿದ, ಮೇಲಿನ ಮಹಡಿಯ ರೂಮು ಕೇಳಿ.

ಸಮಯದಲ್ಲಿ ಲಾಡ್ಜಿಗೆ ಸಾಟಿಯಿಲ್ಲ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಳ್ಳಂಬೆಳಗ್ಗೆ ಇಳಿದು ರೂಮು ಮಾಡಿದರೆ ಮಾರನೆ ಬೆಳಗ್ಗೆವರೆಗೂ ಅದು ನಿಮ್ಮದೇ, 24 ಗಂಟೆ ಲೆಕ್ಕ. ಸ್ಟಾರ್ ಹೋಟೆಲಿನಲ್ಲಿ ಮಧ್ಯಾಹ್ನ ಎರಡಕ್ಕೆ ಒಳಗೆ, ಮಾರನೆ ದಿನ ಹನ್ನೊಂದಕ್ಕೆ ಹೊರಗೆ. ಬೇಗ ಬೇಕಾದರೆ ಅರ್ಧ ದಿನದ ಬಾಡಿಗೆ, ಇಲ್ಲವಾದರೆ ಲಾಬಿಯ ಸೋಫಾ.

ತಿಂಡಿ? ಬಫೆಯಲ್ಲಿ ಇಪ್ಪತ್ತು ಬಗೆ ಇಟ್ಟರೂ ಏಳೂವರೆಗೆ ಮೊದಲು ಏನೂ ಸಿಗುವುದಿಲ್ಲ. ಲಾಡ್ಜಿನಿಂದ ನಾಲ್ಕು ಹೆಜ್ಜೆ ಇಟ್ಟರೆ ಬಿಸಿ ಇಡ್ಲಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ. ಇದರ ಮೇಲೆ ಜಾಸ್ತಿ ಹೇಳುವುದಿಲ್ಲ, ಗೊತ್ತಿರುವವರಿಗೆ ಗೊತ್ತು.

ಕೊನೆಗೆ ಬಿಲ್ಲು. ದಿನದ ಬಾಡಿಗೆ 7,500 ರೂಪಾಯಿ ದಾಟದಿದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಮೊದಲು ಶೇ 12 ಇತ್ತು. ದಾಟಿದರೆ ಶೇ 18. ಸ್ಟಾರ್ ಹೋಟೆಲಿನ ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಎಂದು ತಾನಾಗಿಯೇ ಸೇರಿದ್ದರೆ ತೆಗೆಸಿ. ಅದನ್ನು ಬಲವಂತವಾಗಿ ಹಾಕಬಾರದು ಎಂದು 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ತಗೊಂಡರೆ ಜಗಳಕ್ಕೆ ಇಳಿಯಬೇಡಿ. ಹೋಟೆಲಿನವರು ಹಾಗೆ ತಗೊಳ್ಳಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹೊರಗಿನಿಂದ ಬಾಟಲಿ ತನ್ನಿ, ಅಷ್ಟೇ.

ಲಾಡ್ಜಿನಲ್ಲಿ ಇವೆಲ್ಲ ರಗಳೆ ಇಲ್ಲ. ಅಡ್ವಾನ್ಸ್ ಕಟ್ಟಿ, ಕೀ ಕೊಟ್ಟು ಹೊರಟರೆ ಮುಗಿಯಿತು. ಆದರೆ ಆಮೇಲೆ ಕಂಪನಿಗೆ ಬಿಲ್ಲು ಕೊಡುವುದಿದ್ದರೆ, ರಸೀದಿಯಲ್ಲಿ ಜಿಎಸ್‌ಟಿ ನಂಬರ್ ಇದೆಯಾ ಎಂದು ಕೌಂಟರ್ ಮುಂದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ನಮ್ಮ ಅಕೌಂಟ್ಸ್‌ನವರು ಅದನ್ನು ಮುಟ್ಟುವುದೂ ಇಲ್ಲ.